ಕೇಳಿದ್ರ ತಪ್ಪೇನ್ರಿ

"ಆ ಸುಡುಗಾಡು ಫೋನು ಮೊದ್ಲು ಬಂದ್ ಮಾಡವ್ವಾ!" ಎಂದು ದೊಡ್ಡಪ್ಪ ಹುಲುಗಣ್ಣ ಬಾಗಿಲಿನಿಂದ ಕೂಗಿದಾಗ ಯಶೋಧರಾ ಅಪ್ಪನ ಗದ್ದಕ್ಕೆ ಬಿಳಿ ಬಟ್ಟೆ ಸುತ್ತಿ ತಲೆಯ ಮೇಲೆ ಗಂಟು ಹಾಕುತ್ತಿದ್ದಳು. ಫೋನು ಅಪ್ಪನ ದಿಂಬಿನ ಕೆಳಗಿತ್ತು. ಅಪ್ಪ ಹೋದದ್ದು ಗೊತ್ತಾಗಿ ಮೂರು ತಾಸಾಗಿತ್ತು. ಅದು ಮಾತ್ರ ಟಿಣ್ ಟಿಣ್ ಅನ್ನುವುದನ್ನು ನಿಲ್ಲಿಸಿರಲಿಲ್ಲ.

"ಇರ್ಲಿ ಬಿಡು ದೊಡ್ಡಪ್ಪ. ಬಂದ್ ಮಾಡಿದ್ರ ಇವನ ಮಂದಿ ಎಲ್ಲಿ ಕೈ ಮುಗೀಬೇಕು?" ಎನ್ನುತ್ತ ಯಶೋಧರಾ ಗಂಟನ್ನು ಬಿಗಿದಳು. ಸಿಟ್ಟಿನಲ್ಲಿ ಹೆಚ್ಚು ಬಿಗಿದೆನೇನೋ ಅನ್ನಿಸಿ ಮತ್ತೆ ಸಡಿಲಿಸಿದಳು.

ಇವನ ಮಂದಿ ಅಂದರೆ ವಾಟ್ಸಾಪ್ ಗ್ರೂಪಿನ ಮಂದಿ. ಗ್ರೂಪಿನ ಹೆಸರು 'ಕೇಳಿದ್ರ ತಪ್ಪೇನ್ರಿ'. ಹಗರಿಬೊಮ್ಮನಹಳ್ಳಿಯ ಮತ್ತು ಸುತ್ತಲ ಊರುಗಳ ಒಂಬೈನೂರು ಚಿಲ್ಲರೆ ಜನ ಅದರಲ್ಲಿದ್ದರು. ಅಲ್ಲಿ ಏನು ಬೇಕಾದರೂ ಕೇಳಬಹುದಿತ್ತು. ತಂಬ್ರಹಳ್ಳಿಗೆ ಕೊನೆಯ ಬಸ್ಸು ಎಷ್ಟೊತ್ತಿಗೆ, ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಿಸುವುದು ಹೇಗೆ, ಜೋಳದ ಹಿಟ್ಟಿಗೆ ಹುಳ ಬಿದ್ದರೆ ಏನು ಮಾಡಬೇಕು, ಬೀಗರ ಜೊತೆ ಮಾತು ಬಿಟ್ಟಿದ್ದರೆ ಯಾರು ಮೊದಲು ಫೋನು ಮಾಡಬೇಕು. ಕೇಳುವವರು ಒಂಬೈನೂರು, ಹೇಳುವವನು ಒಬ್ಬನೇ, ಸರ್ಕಾರಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಅಟೆಂಡರ್ ಆಗಿದ್ದು ರಿಟೈರಾದ ಸೋಮಪ್ಪ. ರಾತ್ರಿ ಉಂಡು ಮಲಗಿದ ಸೋಮಪ್ಪ ಬೆಳಗ್ಗೆ ಎದ್ದಿರಲಿಲ್ಲ.

ಆರು ಗಂಟೆಗೆ ಯಶೋಧರಾಳೇ ಅಪ್ಪನ ಫೋನಿನಿಂದ ಗ್ರೂಪಿಗೆ ಬರೆದಿದ್ದಳು: "ನಮ್ಮ ತಂದೆ ಸೋಮಪ್ಪ ತೀರಿಕೊಂಡರು. ಮಧ್ಯಾಹ್ನ ಎರಡಕ್ಕೆ ಮಣ್ಣು. ಮನೆ ಬಸ್ ಸ್ಟ್ಯಾಂಡ್ ಸರ್ಕಲ್ ಹಿಂದಿನ ಅಂಬೇಡ್ಕರ್ ನಗರ." ಏಳು ಗಂಟೆಯ ಹೊತ್ತಿಗೆ ನೂರ ನಲವತ್ತು ಜನ ಮುಗಿದ ಕೈಯ ಚಿತ್ರ ಹಾಕಿದ್ದರು. "ಓಂ ಶಾಂತಿ ಸರ್" ಎಂದರು. "ಮತ್ತೆ ಹುಟ್ಟಿ ಬನ್ನಿ ಸರ್" ಎಂದರು. ಎಲ್ಲಿಗೆ ಹುಟ್ಟಿ ಬರಬೇಕಂತೆ? ಮತ್ತೆ ಇದೇ ಓಣಿಗೋ?

ಅವ್ವ ಕನಕಮ್ಮ ಕಣ್ಣೊರೆಸಿಕೊಂಡು ಮಗನನ್ನು ಕರೆದಳು. "ಕ್ರಾಂತಿ, ಶಾಮಿಯಾನದವಗ ನೂರು ಕುರ್ಚಿ ಹೇಳು. ದೊಡ್ಡ ಕ್ಯಾನಿನಾಗ ಚಾ ಮಾಡಸು. ನಿಮ್ಮಪ್ಪನ ಮಂದಿ ಭಾಳ ಐತಿ."

ಕುರ್ಚಿ ಬಂದವು, ಚಹಾ ಬಂತು. ಹನ್ನೆರಡಾಯಿತು. ಕೇರಿಯ ಜನ ಎಲ್ಲ ಬಂದಿದ್ದರು. ಕೂಲಿ ಬಿಟ್ಟು ಬಂದವರು, ಚಿಗಟೇರಿಯಿಂದ ಟಂಟಂ ಹಿಡಿದು ಬಂದ ನೆಂಟರು. ಅವರೆಲ್ಲ ನೆಲದ ಮೇಲೆ ಕೂತಿದ್ದರು. ಕುರ್ಚಿ ಗ್ರೂಪಿನವರಿಗೆ ಎಂದು ಯಾರೋ ಹೇಳಿದ್ದರಂತೆ. ನೂರು ಕೆಂಪು ಕುರ್ಚಿ ಬಿಸಿಲಿಗೆ ಕಾಯುತ್ತ ಖಾಲಿ ಬಿದ್ದಿದ್ದವು. ಯಶೋಧರಾಳ ಮೈಯೆಲ್ಲ ಉರಿದುಹೋಯಿತು.

"ಕುಂದರ್ರಿ ಮ್ಯಾಲೆ!" ಎಂದು ಅರಚಿದಳು. "ಯಾರ ಸಲುವಾಗಿ ಕಾಯ್ತೀರಿ? ನಿಮ್ಮ ಮನುಷ್ಯ ಸತ್ತಾನ. ಕುಂದರ್ರಿ!"

ಗಾಳೆಮ್ಮ ಎಂಬ ಮುದುಕಿ ಒಬ್ಬಳು ಎದ್ದು ಕುರ್ಚಿಯ ತುದಿಯಲ್ಲಿ ಕೂತಳು. ಉಳಿದವರು ಅಲುಗಲಿಲ್ಲ.

*

ಅಪ್ಪನಿಗೆ ಎಲ್ಲವೂ ಗೊತ್ತಿತ್ತು ಅಂತೇನಲ್ಲ. ಯಾವ ಅರ್ಜಿ ಯಾವ ಟೇಬಲ್ಲಿಗೆ ಹೋಗಬೇಕು ಎನ್ನುವುದು ಬಾಯಿಪಾಠ. ಉಳಿದದ್ದಕ್ಕೆಲ್ಲ ಕನಕಮ್ಮನೇ ಆಧಾರ. ಅಂಗಳದ ಮಂಚದ ಮೇಲೆ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕೂಗುತ್ತಿದ್ದ:

"ಲೇ ಕನಕಿ, ಹಿಟ್ಟಿಗೆ ಹುಳ ಬಿದ್ರ ಏನ್ ಮಾಡ್ತಾರ?"

"ಜಲ್ಡಿ ಹಿಡದು ಬಿಸ್ಲಿಗೆ ಹಾಕ್ತಾರ. ಅಷ್ಟೂ ತಿಳೀದ ಯಾವಾಕಿ ಅದಾಳ ಅಕಿ?"

"ಯಾವಾಕಿನೋ. ಸರ್ ಅಂತ ಕೇಳ್ಯಾಳ."

ಬೆರಳೊಂದರಿಂದ ಒಂದೊಂದೇ ಅಕ್ಷರ ಕುಟ್ಟಿ ಕಳಿಸುತ್ತಿದ್ದ. ಥ್ಯಾಂಕ್ಯೂ ಸರ್ ಎಂದು ಬಂದರೆ ಕನಕಮ್ಮನಿಗೂ ತೋರಿಸುತ್ತಿದ್ದ. ಓದಲು ಬಾರದ ಅವಳು ಫೋನನ್ನು ದೂರ ಹಿಡಿದು ನೋಡಿ, "ಹೌದಲ್ಲ" ಎನ್ನುತ್ತಿದ್ದಳು.

ಯಶೋಧರಾ ಹರಪನಹಳ್ಳಿಯ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದಳು. ರಜೆಗೆ ಬಂದಿದ್ದಾಗ ಒಮ್ಮೆ ಅಪ್ಪನನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಜಂಬುನಾಥನ ಮನೆಗೆ ಹೋಗಿದ್ದಳು. ಮೊಬೈಲ್ ಅಂಗಡಿಯ ಜಂಬುನಾಥನೇ ಗ್ರೂಪು ಕಟ್ಟಿದವನು. ಅವನ ತಾಯಿಯ ಪಿಂಚಣಿ ನಿಂತುಹೋಗಿತ್ತು. ಅಪ್ಪ ಮೂರು ವಾರ ಅಲೆದು ಅದನ್ನು ಸರಿಮಾಡಿಸಿ, ಕಾಗದ ಕೊಡಲು ತಾನೇ ಹೋಗಿದ್ದ. ಕಟ್ಟೆಯ ಮೇಲೆ ಕೂರಿಸಿದರು. ಒಳಗಿನವರಿಗೆಲ್ಲ ಸ್ಟೀಲಿನ ಲೋಟದಲ್ಲಿ ಚಹಾ ಬಂತು. ಇವರಿಬ್ಬರಿಗೆ ಕಾಗದದ ಕಪ್ಪಿನಲ್ಲಿ ಬಂತು. ಯಶೋಧರಾ ಮುಟ್ಟಲಿಲ್ಲ. ಅಪ್ಪ ಎರಡೂ ಕಪ್ಪಿನ ಚಹಾ ಕುಡಿದು, ಖಾಲಿ ಕಪ್ಪುಗಳನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ.

ದಾರಿಯಲ್ಲಿ ಅವಳು ಗಾಡಿ ನಿಲ್ಲಿಸಿದಳು. "ಕಪ್ಪು ಯಾಕ ಜೇಬಿಗೆ ಹಾಕ್ಕೊಂಡಿ?"

"ಅವರ ಅಂಗಳದಾಗ ಯಾಕ ಒಗೀಬೇಕವ್ವ?"

"ನಿನಗ ಸಿಟ್ಟ ಬರಂಗಿಲ್ಲೇನಪ್ಪಾ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇನು?"

ಸೋಮಪ್ಪ ಜೇಬನ್ನು ಮುಟ್ಟಿ ನೋಡಿಕೊಂಡ. "ಕಾಗದದ ಕಪ್ಪು ಈಗ ಎಲ್ಲಾ ಕಡಿ ಬಂದಾವ ಬಿಡು" ಎಂದ. ಆಮೇಲೆ ಅವನೇ, "ಸಿಟ್ಟು ಬರ್ತೈತಿ. ಆದ್ರ ನೋಡವ್ವ, ಮೂವತ್ತನಾಲ್ಕು ವರ್ಷ ಗಂಟಿ ಸಪ್ಪಳಕ್ಕ ಎದ್ದು ಓಡೀನಿ. ಈಗ ಅದಾ ಸಪ್ಪಳ ಸರ್ ಅಂತ ಕರೀತೈತಿ. ನಾಲ್ಕು ದಿನ ಕರಸ್ಕೊಂತೀನಿ" ಎಂದ.

ಅವತ್ತು ಅವಳು ಅಪ್ಪನನ್ನು ಬಾಯಿಗೆ ಬಂದಂತೆ ಬೈದಿದ್ದಳು. ಮಾನ ಇಲ್ಲದವನು ಅಂದಿದ್ದಳು. ಹಾಗೆ ಅಂದದ್ದಕ್ಕೆ ಇವತ್ತು ತನ್ನ ಮೇಲೂ ಸಿಟ್ಟು ಬಂತು.

*

ಹೂವು ತರಲು ಹೋಗಿದ್ದ ಕ್ರಾಂತಿ ಒಂದೂವರೆಗೆ ಓಡುತ್ತ ಬಂದ. ಹೂವಿನ ಚೀಲವನ್ನು ನೆಲಕ್ಕೆ ಕುಕ್ಕಿ, ದಿಂಬಿನ ಕೆಳಗಿದ್ದ ಅಪ್ಪನ ಫೋನು ತೆಗೆದು ಅಕ್ಕನ ಕೈಗಿತ್ತ.

"ನೋಡಕ್ಕ. ಗ್ರೂಪಿನಾಗ ಈಗ ಹಾಕ್ಯಾರ. ನಾ ಕಣ್ಣಾರೆ ನೋಡಿ ಬಂದೆ."

ಸರ್ಕಲ್ಲಿನಲ್ಲಿ, ಗೂಡಂಗಡಿಗಳ ಹಿಂದಿನ ಗೋಡೆಗೆ ಎಂಟಡಿಯ ಫ್ಲೆಕ್ಸು. 'ಜನಸ್ನೇಹಿ ಸೋಮಪ್ಪ ಸರ್ ಅವರಿಗೆ ಭಾವಪೂರ್ಣ ಶ್ರದ್ಧಾಂಜಲಿ.' ಅಪ್ಪನ ಮುಖ ಮಧ್ಯದಲ್ಲಿ. ಕೆಳಗೆ ಹಾಕಿಸಿದ ಹನ್ನೆರಡು ಮಂದಿಯ ಮುಖ, ಹೆಸರು, ಅಂಗಡಿ. ಸತ್ತವನಿಗಿಂತ ಅವರೇ ಹೆಚ್ಚು ಹೊಳೆಯುತ್ತಿದ್ದರು. ಜಂಬುನಾಥ ಫ್ಲೆಕ್ಸಿಗೆ ಮಾಲೆ ಹಾಕುತ್ತಿದ್ದ. ಸುತ್ತ ಇಪ್ಪತ್ತು ಗಂಡಸರು ಕೈಕಟ್ಟಿ ನಿಂತಿದ್ದರು. ಫೋಟೋದ ಕೆಳಗೆ, "ನಮ್ಮ ಗ್ರೂಪಿನ ವತಿಯಿಂದ ಅಂತಿಮ ನಮನ ಸಲ್ಲಿಸಲಾಯಿತು."

ಸಲ್ಲಿಸಲಾಯಿತಂತೆ! ಹೆಣ ಇನ್ನೂ ಮನೆಯಲ್ಲಿದೆ, ಇವರದು ಮುಗಿದೇ ಹೋಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸರ್ಕಲ್ಲಿನಿಂದ ಈ ಮನೆಗೆ ಇನ್ನೂರು ಹೆಜ್ಜೆ. ಎಣಿಸಿದರೆ ಅದಕ್ಕೂ ಕಡಿಮೆ.

"ಎತ್ರಿ" ಎಂದಳು ಯಶೋಧರಾ. "ಸರ್ಕಲ್ ಮ್ಯಾಲೆ ಹೋಗೋಣು."

ಹುಲುಗಣ್ಣ ದಡಬಡಿಸಿ ಎದ್ದ. "ಹುಚ್ಚೇನು ನಿನಗ? ನಮ್ಮ ಹೆಣ ಹಳ್ಳದ ದಾರಿಲೆ ಹೊಕ್ಕಾವ. ನಮ್ಮಪ್ಪ ಹಂಗಾ ಹೋಗ್ಯಾನ, ನಮ್ಮವ್ವ ಹಂಗಾ ಹೋಗ್ಯಾಳ."

"ಬಜಾರ್ ದಾರಿ ಬ್ಯಾಡಂತ ಯಾರು ಅಂದಾರ ದೊಡ್ಡಪ್ಪ?"

"ಯಾರೂ ಅಂದಿಲ್ಲ. ಅವರು ಅನ್ನದಂಗ ನಾವು ಇದ್ದೀವಿ."

ಮುಂಜಾನೆಯಿಂದ ಮಂದಿಗಾಗಿ ಬಾಗಿಲು ನೋಡುತ್ತಿದ್ದ ಕನಕಮ್ಮ ಗೋಡೆ ಹಿಡಿದು ಎದ್ದಳು. ಮಗಳ ಕೈಯಿಂದ ಗಂಡನ ಫೋನು ಇಸಿದುಕೊಂಡಳು. ಫೋಟೋವನ್ನು ದೂರ ಹಿಡಿದು ನೋಡಿದಳು.

"ಇವರೇನು ಆ ಮಂದಿ?" ಎಂದಳು. "ಹುಲುಗಣ್ಣ ಮಾವ, ಹಿಟ್ಟಿಗೆ ಹುಳ ಬಿದ್ರ ಏನು ಮಾಡ್ಬೇಕು ಅಂತ ಇವರಿಗೆ ಹೇಳಿದಾಕಿ ನಾನು. ಬರದೋರು ನಿಮ್ಮ ತಮ್ಮ. ಇವರ ಮಾರಿ ಒಮ್ಮಿ ನಾನೂ ನೋಡ್ಬೇಕು. ಸರ್ಕಲ್ ಮ್ಯಾಲೆ ನಡೀರಿ."

ಮೇಣದಬತ್ತಿ ಹಚ್ಚಿದರು. ಬುದ್ಧಂ ಶರಣಂ ಗಚ್ಛಾಮಿ ಎಂದು ಮೂರು ಸಲ ಹೇಳಿದರು. ಹಲಗೆ ಬಾರಿಸುವುದು ಬೇಡ ಎಂದು ಸೋಮಪ್ಪ ಇದ್ದಾಗಲೇ ಹೇಳಿದ್ದ. ಚಟ್ಟ ಸದ್ದಿಲ್ಲದೆ ಓಣಿಯಿಂದ ಹೊರಬಂದು, ಹಳ್ಳದ ಕಡೆ ತಿರುಗದೆ, ಎಡಕ್ಕೆ ತಿರುಗಿತು.

*

ಅರ್ಧ ದಾರಿಯಲ್ಲಿ ಚಟ್ಟ ಇಳಿಸುವುದು ಕೇರಿಯ ಪದ್ಧತಿ. ಮುಂದಿನವರು ಹಿಂದಕ್ಕೆ, ಹಿಂದಿನವರು ಮುಂದಕ್ಕೆ ಆಗುತ್ತಾರೆ. ದಣಿದವರ ಜಾಗಕ್ಕೆ ಹೊಸ ಹೆಗಲು ಬರುತ್ತದೆ. ಆ ಹೊತ್ತಿನಲ್ಲಿ ಹೆಗಲು ಕೇಳಿದರೆ ಜಗಳವಾಡಿದವನೂ ಇಲ್ಲ ಅನ್ನುವುದಿಲ್ಲ. ಕೇರಿಯವರು ಯಾವಾಗಲೂ ಇಳಿಸುತ್ತಿದ್ದುದು ಹಳ್ಳದ ದಂಡೆಯ ಬೇವಿನ ಮರದ ಕೆಳಗೆ.

"ಇಲ್ಲೇ ಇಳಸ್ರಿ" ಎಂದಳು ಯಶೋಧರಾ, ಸರ್ಕಲ್ಲಿನ ನಡುವೆ, ಫ್ಲೆಕ್ಸಿನ ಎದುರಿಗೆ.

ಇಳಿಸಿದರು. ಅತ್ತಲಿಂದ ಕೂಡ್ಲಿಗಿಯ ಲಾರಿ, ಇತ್ತಲಿಂದ ಹಡಗಲಿಯ ಬಸ್ಸು, ನಡುವೆ ಆಟೋಗಳು, ಎಲ್ಲ ನಿಂತವು. ಚಹಾ ಕುಡಿಯುತ್ತಿದ್ದ ಫ್ಲೆಕ್ಸಿನ ಮಂದಿ ಕಪ್ಪು ಕೆಳಗಿಟ್ಟರು. ಜಂಬುನಾಥ ಎರಡು ಹೆಜ್ಜೆ ಮುಂದೆ ಬಂದು, ಮೂರನೆಯದನ್ನು ಇಡದೆ ನಿಂತ.

"ಅಯ್ಯೋ ಮೇಡಂ, ನಾವಾ ಮನಿಗೆ ಬರೋರಿದ್ವಿ. ಎಲ್ಲಾರಿಗೂ ಅನುಕೂಲ ಆಗ್ಲಿ ಅಂತ ಇಲ್ಲಿ..."

"ಇನ್ನೂರು ಹೆಜ್ಜಿ ಐತ್ರಿ ಜಂಬುನಾಥ ಅವರ. ಮುಂಜಾನಿಂದ ಎಷ್ಟು ಹೆಜ್ಜಿ ಬಂದ್ರಿ?"

"ಹಂಗಲ್ರಿ, ತಪ್ಪು ತಿಳ್ಕೋಬ್ಯಾಡ್ರಿ..."

"ಕೇಳಿದ್ರ ತಪ್ಪೇನ್ರಿ ಅಂತ ಹೆಸರಿಟ್ಟೋರು ನೀವಾ. ನಾನೂ ಒಂದು ಕೇಳ್ತೀನಿ. ಹೆಗಲು ಬದಲಿಸೋ ಹೊತ್ತು. ನಾಲ್ಕು ಮಂದಿ ಬರ್ರಿ."

ಬಿಸಿಲು ಬೆಂಕಿ ಸುರಿಯುತ್ತಿತ್ತು. ಒಬ್ಬ ಬೆನ್ನು ಹಿಡಿದಿದೆ ಎಂದ. ಇನ್ನೊಬ್ಬ, ನಾಳೆ ಮಗಳ ನಿಶ್ಚಿತಾರ್ಥ, ಮುಟ್ಟಿದರೆ ಮನೆಯಲ್ಲಿ ಹಿರಿಯರು ಒಪ್ಪುವುದಿಲ್ಲ ಎಂದ. ಮತ್ತೊಬ್ಬ ಗಡಿಯಾರ ನೋಡಿಕೊಂಡ. ಇಬ್ಬರು ಫೋನೆತ್ತಿ ವಿಡಿಯೋ ಮಾಡತೊಡಗಿದರು. ಕನಕಮ್ಮ ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡುತ್ತ ಹೋದಳು. ಅವಳ ಕಣ್ಣು ಎಲ್ಲಿಗೆ ಬಂತೋ ಅಲ್ಲಿ ತಲೆ ತಗ್ಗಿತು.

"ಸಾಕವ್ವ, ಎತ್ತೋಣು. ಆತಲ್ಲ, ನೋಡಿದ್ವಲ್ಲ" ಎಂದ ಹುಲುಗಣ್ಣ.

"ಎತ್ತಂಗಿಲ್ಲ" ಎಂದಳು ಯಶೋಧರಾ. "ಒಬ್ಬರರ ಬರಾತನಕ ಎತ್ತಂಗಿಲ್ಲ."

ಬಸ್ಸು ಒಂದೇ ಸಮನೆ ಹಾರ್ನು ಹೊಡೆಯತೊಡಗಿತು. ಆಗ ಅವ್ವನ ಕೈಯಲ್ಲಿದ್ದ ಅಪ್ಪನ ಫೋನು ಟಿಣ್ ಎಂದಿತು. ಗ್ರೂಪಿನಲ್ಲಿ ಯಾರೋ ಸುಕನ್ಯಾ ಕೇಳಿದ್ದಳು: "ಸರ್ಕಲ್‌ನಾಗ ಬಸ್ಸು ನಿಂತು ಹತ್ತು ನಿಮಿಷ ಆತು. ಏನಾಗೈತಿ, ಯಾರಿಗಾದ್ರೂ ಗೊತ್ತೈತೇನ್ರಿ?"

ಯಶೋಧರಾ ಫೋನು ತೆಗೆದುಕೊಂಡು ಕುಟ್ಟಿದಳು: "ಸೋಮಪ್ಪನ ಚಟ್ಟ ಇಳಿಸೀವಿ. ಗ್ರೂಪಿನಾಗ ಒಂಬೈನೂರು ಮಂದಿ ಇದ್ರೂ ಹೆಗಲು ಕೊಡೋರು ಇಲ್ಲ. ಯಾರಾದ್ರೂ ಕೊಟ್ರ ರಸ್ತಿ ಬಿಡ್ತೀವಿ."

ಒತ್ತಿದ ಮರುಕ್ಷಣವೇ ಸರ್ಕಲ್ಲಿನ ತುಂಬ ಫೋನುಗಳು ಟಿಣ್ ಟಿಣ್ ಎಂದವು. ಜೇಬಿನಿಂದ ತೆಗೆದು ನೋಡಿದರು. ಕಳಿಸಿದವರ ಹೆಸರು, ಸೋಮಪ್ಪ ಸರ್. ಓದಿದರು. ಓದಿ ಮುಗಿದ ಮೇಲೂ ತಲೆ ಎತ್ತದೆ ಪರದೆಯನ್ನೇ ನೋಡುತ್ತ ನಿಂತರು.

ಬಸ್ಸಿನ ಬಾಗಿಲು ತೆರೆಯಿತು. ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಇಳಿದು ಆಟೋಗಳ ನಡುವೆ ದಾರಿ ಮಾಡಿಕೊಂಡು ಬಂದಳು. ಹೆಗಲಿಗೆ ಬ್ಯಾಗು, ಕೈಯಲ್ಲಿ ಫೋನು. ಚಟ್ಟದ ಹತ್ತಿರ ಬಂದು, ಅಪ್ಪನ ಮುಖ ನೋಡಿ ಬಾಯಿಗೆ ಸೆರಗು ಹಿಡಿದಳು.

"ನಾ ಸುಕನ್ಯಾ ರೀ. ಮಾಗಳದಾಗ ಅಂಗನವಾಡಿ ಟೀಚರ್. ಅಲ್ಲಿ ನೆಟ್‌ವರ್ಕ್ ಸಿಗಂಗಿಲ್ಲ. ಇವರು ಹೋಗಿದ್ದು ಈಗ ಬಸ್ಸಿನಾಗ ಓದಿದೆ." ಆಮೇಲೆ ಸುತ್ತಲಿನ ಗಂಡಸರನ್ನು ನೋಡಿದಳು. ಅವಳ ಮುಖ ಕೆಂಪಾಯಿತು. "ಇವರೆಲ್ಲ ನಮ್ಮ ಗ್ರೂಪಿನೋರ ಏನ್ರಿ?"

ಸುಕನ್ಯಾ ಬ್ಯಾಗನ್ನು ತೆಗೆದು ಕನಕಮ್ಮನ ಕೈಗೆ ಕೊಟ್ಟಳು, ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು.

"ಹೆಣ್ಮಕ್ಕಳು ಹೆಗಲು ಕೊಡಂಗಿಲ್ಲ ತಾಯಿ..." ಎಂದು ಬಾಯಿ ತೆರೆದ ಹುಲುಗಣ್ಣ, ಫ್ಲೆಕ್ಸಿನ ಕಡೆ ನೋಡಿ ಮಾತು ನುಂಗಿಕೊಂಡ. ಹೆಗಲ ಮೇಲಿನ ಟವೆಲ್ಲು ತೆಗೆದು, ಮಡಚಿ, ಅವಳ ಹೆಗಲಿಗೆ ಇಟ್ಟ.

ಸುಕನ್ಯಾ ಬಗ್ಗಿ ಬಿದಿರನ್ನು ಮುಟ್ಟಿದಳು. "ಹೆಂಗ ಹಿಡೀಬೇಕ್ರಿ? ನನಗ ಗೊತ್ತಿಲ್ಲ" ಎಂದಳು.

ಮುಂಜಾನೆಯಿಂದ ಬೈಗುಳವನ್ನೇ ಬಾಯಲ್ಲಿ ಇಟ್ಟುಕೊಂಡಿದ್ದ ಯಶೋಧರಾ ಸುಕನ್ಯಾಳ ಪಕ್ಕಕ್ಕೆ ಬಗ್ಗಿದಳು. ಅವಳ ಕೈ ಹಿಡಿದು ಬಿದಿರಿನ ಗಂಟಿನ ಮೇಲೆ ಇಟ್ಟಳು. "ಇಲ್ಲಿ. ಗಟ್ಟಿ ಹಿಡೀರಿ. ಮೂರು ಅಂದಾಗ ನನ್ನ ಜೋಡಿ ಏಳ್ರಿ."

ಎದ್ದರು. ಮುಂದೆ ಹೆಂಗಸರಿಬ್ಬರು, ಹಿಂದೆ ಕ್ರಾಂತಿ ಮತ್ತು ಹುಲುಗಣ್ಣ. ಸುಕನ್ಯಾ ಗಿಡ್ಡ, ಚಟ್ಟ ಅವಳ ಕಡೆಗೆ ವಾಲಿತು. ಅವಳು ಹಲ್ಲು ಕಚ್ಚಿ, ತುದಿಗಾಲಲ್ಲಿ ನಿಂತು ಅದನ್ನು ಸಮ ಮಾಡಿದಳು. ಚಟ್ಟ ಗೋಡೆಯ ಪಕ್ಕ ಹಾಯುವಾಗ ಫ್ಲೆಕ್ಸಿನ ಕೆಳಗಿದ್ದ ಇಪ್ಪತ್ತು ಗಂಡಸರು, ಬಿದಿರು ಮೈಗೆ ತಾಗದ ಹಾಗೆ, ಗೋಡೆಗೆ ಬೆನ್ನು ಹಚ್ಚಿ ದಾರಿ ಬಿಟ್ಟರು.