ಅಮರಪ್ಪ ಸಾಹುಕಾರ ಚಂದ್ರಾಮಪ್ಪನಾದ ದಿನ

ರತ್ನಾಬಾಯಿಯ ಓದಿಗೆ ಚಂದ್ರಾಮಪ್ಪನ ಮನೆಯಿಂದ ಹೋದದ್ದು ಇಷ್ಟು: ಸುರಪುರದ ಹೈಸ್ಕೂಲಿಗೆ ಎರಡು ಆಡು, ಕಲಬುರಗಿಯ ಕಾಲೇಜಿಗೆ ಒಂದು ಎಮ್ಮೆ, ಪಾಲಿ ಭಾಷೆ ಕಲಿಯಲು ನಾಗಪುರಕ್ಕೆ ಹೊರಟಾಗ ಅವ್ವ ಮೋನಮ್ಮನ ಬೆಳ್ಳಿ ಡಾಬು. ಡಾಬು ಬಿಚ್ಚಿಕೊಡುವಾಗ ಮೋನಮ್ಮ ಒಂದೇ ಮಾತು ಕೇಳಿದ್ದಳು, ಈ ಓದು ಕಡೆಗೆ ಯಾವ ಕೆಲಸಕ್ಕೆ ಬರುತ್ತದೆ ಎಂದು. ಬುದ್ಧ ಏನು ಹೇಳಿದ್ದಾನೆ ಎಂಬುದು ತಿಳಿಯುತ್ತದೆ ಅಂದಿದ್ದ ಚಂದ್ರಾಮಪ್ಪ. ಅದಕ್ಕಿಂತ ಹೆಚ್ಚು ಅವನಿಗೂ ಗೊತ್ತಿರಲಿಲ್ಲ.

ಮಗಳು ಡಾಕ್ಟರೇಟ್ ಮಾಡಿದಳು. ಶಹಾಪುರದ ಕಾಲೇಜಿನಲ್ಲಿ ಪಾಠ ಹೇಳುತ್ತಲೇ, ಹಿಂದಿನ ಕಾಲದ ಬೌದ್ಧ ಪಂಡಿತರು ಹೇಗೆ ವಾದ ಮಾಡುತ್ತಿದ್ದರು ಎಂಬುದರ ಮೇಲೆ ದಪ್ಪನೆಯ ಪುಸ್ತಕ ಬರೆದಳು. ಕಾಶಿಯಿಂದ ವಿದ್ವಾಂಸರು ಬಂದು, ಅವಳ ಮನೆಯಲ್ಲಿ ಜೋಳದ ರೊಟ್ಟಿ ಉಂಡು, ಅವಳ ಜೊತೆ ಚರ್ಚೆ ಮಾಡಿ ಹೋದರು. ಚಂದ್ರಾಮಪ್ಪ ಆ ಪುಸ್ತಕವನ್ನು ಬಾಬಾಸಾಹೇಬರ ಪಟದ ಕೆಳಗೆ ಇಟ್ಟಿದ್ದ. ಮನೆಗೆ ಬಂದವರ ಕೈಗೆ ಅದನ್ನು ಕೊಡುತ್ತಿದ್ದ, ತೂಕವನ್ನಾದರೂ ನೋಡಲಿ ಎಂದು.

ಅವನ ಊರು ಕೆಂಭಾವಿಯ ಆಚೆ, ನಾರಾಯಣಪುರ ಡ್ಯಾಮಿನ ಕಾಲುವೆಯ ಒಂದು ಕವಲಿನ ಮೇಲೆ. ಕವಲಿನ ತಲೆಯ ಹೊಲಗಳಲ್ಲಿ ಭತ್ತ, ಬಾಲದ ಹೊಲಗಳಲ್ಲಿ ಧೂಳು. ಚಂದ್ರಾಮಪ್ಪನದು ಬಾಲದ ಹೊಲ. ಆ ವರ್ಷ ಮೂರು ಎಕರೆ ಶೇಂಗಾ ಹಾಕಿದ್ದ. ಹೂವು ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಸರಿಯಾಗಿ ಕಾಲುವೆಯಲ್ಲಿ ನೀರು ಬರುವುದು ನಿಂತಿತು. ವಾರದೊಳಗೆ ನೆಲ ತೊಯ್ಯದಿದ್ದರೆ ಬೆಳೆ ಹೋದಂತೆ.

ಮೇಲಿನ ಹೊಲದವರ ಮುಂದಾಳು ಅಮರಪ್ಪ ಸಾಹುಕಾರ. ಇಂಜಿನಿಯರ್ ಬಂದು ಎರಡೂ ಕಡೆಯವರಿಗೆ ಹೂಂ ಅಂದು ಜೀಪು ಹತ್ತಿದ. ಮರುದಿನ ಬಡಿಗೆಗಳು ಹೊರಬಿದ್ದವು. ಕಾಲುವೆಯ ಗೇಟು ಕಾಯುವ ಸರದಾರಸಾಬ ನಡುವೆ ನಿಂತು, ಪೊಲೀಸರ ತನಕ ಹೋದರೆ ಯಾರ ಹೊಲವೂ ತೊಯ್ಯುವುದಿಲ್ಲ, ಯಾರಾದರೊಬ್ಬರ ಕೈಲಿ ನ್ಯಾಯ ಹೇಳಿಸಿರಿ ಎಂದ.

ಅಮರಪ್ಪ ನಕ್ಕ. "ಚಂದ್ರಾಮನ ಮಗಳನ್ನ ಕರಸ್ರಿ. ವಾದದ ಮ್ಯಾಲೆ ಪುಸ್ತಕ ಬರದಾಳಂತ. ಅದು ಒಂದು ಗೇಟಿನ ಜಗಳ ಬಗೀಹರಿಸ್ತದೋ ಇಲ್ಲೋ ನೋಡೂಣು."

ಚೇಷ್ಟೆಗೆ ಆಡಿದ ಮಾತು. ಆದರೆ ನಾಲ್ಕು ಮಂದಿಯ ಎದುರು ಆಡಿದ್ದನ್ನು ನುಂಗಲು ಬರಲಿಲ್ಲ.

ರತ್ನಾಬಾಯಿ ಮರುದಿನ ಮುಂಜಾನೆಯ ಬಸ್ಸಿಗೆ ಬಂದಳು. ಇಳಿದವಳು ನೆಟ್ಟಗೆ ಮನೆಗೆ ಹೋಗಲಿಲ್ಲ. ಮೇಲಿನ ಹೊಲಗಳಲ್ಲಿ ಅಡ್ಡಾಡಿ, ಸೀರೆಯ ಅಂಚಿಗೆ ಕೆಸರು ಮೆತ್ತಿಕೊಂಡು ಗೇಟಿನ ಹತ್ತಿರ ಬಂದಳು. ಬೇವಿನ ಮರದ ಕೆಳಗೆ ಎಲ್ಲರನ್ನೂ ಒಂದೇ ಜಮಖಾನದ ಮೇಲೆ ಕೂರಿಸಿದಳು. ಚಂದ್ರಾಮಪ್ಪ ರೂಢಿಯಂತೆ ಅಂಚಿಗೆ ಸರಿದಿದ್ದ. ಅವಳೇ ಕರೆದು ಅಮರಪ್ಪನ ಎದುರಿಗೆ ಕೂರಿಸಿದಳು. ಆಮೇಲೆ ಕಟ್ಟಳೆ ತಿಳಿಸಿದಳು: ಎದುರಿನವನ ಮಾತನ್ನು ಮೊದಲು ನೀನು ಹೇಳಬೇಕು, ಅವನು ತಲೆದೂಗಿದ ಮೇಲೆಯೇ ನಿನ್ನ ಮಾತು. ಪುಸ್ತಕ ದಪ್ಪ ಇದ್ದರೂ ಅದರ ತಿರುಳು ಇಷ್ಟೇ ಎಂದಳು.

ತಾನು ಕೆಳಗಿನವರ ಮಗಳಾದ್ದರಿಂದ ಮೇಲಿನವರ ಮಾತನ್ನು ತಾನೇ ಎತ್ತಿಕೊಂಡಳು. ಕಾಲುವೆ ಸೋರಿ ಸೋರಿ ಮೇಲಿನ ನೆಲ ಜವುಳಾಗಿದೆ. ಅಲ್ಲಿ ಜೋಳ ಹಾಕಿದರೆ ಬೇರು ಕೊಳೆಯುತ್ತದೆ. ಭತ್ತವೊಂದೇ ಬದುಕುತ್ತದೆ, ಭತ್ತಕ್ಕೆ ನೀರು ಬೇಕು. ನೆಲ ಕೆಟ್ಟದ್ದು ಅವರ ತಪ್ಪಲ್ಲ.

ಮಗಳು ಸಾಹುಕಾರನ ವಕೀಲೆಯಾದಳು, ಶೇಂಗಾ ಹೋಯಿತು ಅಂದುಕೊಂಡ ಚಂದ್ರಾಮಪ್ಪ. ಪಕ್ಕದ ಹೊಲದ ಸಾಬಣ್ಣ ತಿವಿದು, ಎಮ್ಮೆ ಮಾರಿ ಓದಿಸಿದ್ದು ಇದಕ್ಕೇನು ಎಂದು ಪಿಸುಗುಟ್ಟಿದ.

"ಸಾಹುಕಾರ್ರ, ಏನರ ಬಿಟ್ಟೇನೇನ್ರಿ?" ಎಂದು ಕೇಳಿದಳು ರತ್ನಾಬಾಯಿ.

"ಏನೂ ಬಿಟ್ಟಿಲ್ಲವ್ವ. ನನಗೂ ಇಷ್ಟು ನೆಟ್ಟಗ ಹೇಳಾಕ ಬರ್ತಿದ್ದಿಲ್ಲ."

"ಹಂಗಾದ್ರ ಈಗ ನೀವು ನಮ್ಮಪ್ಪ ಆಗ್ರಿ."

ಮಂದಿ ಗೊಳ್ಳೆಂದರು. ಅಮರಪ್ಪ ರುಮಾಲು ಸರಿಮಾಡಿಕೊಂಡ. ಅವನ ಮನೆತನದವರು ಚಂದ್ರಾಮಪ್ಪನ ಓಣಿಗೆ ಕಾಲಿಡುತ್ತಿದ್ದದ್ದೇ ಓಟು ಕೇಳುವಾಗ. ಆದರೆ ಇವಳನ್ನು ಕರೆಸಿದವನು ತಾನೇ.

"ನಾ ಚಂದ್ರಾಮಪ್ಪ," ಅಂದ. "ನಂದು ಕೊನೀ ಹೊಲ. ಕಾಲುವಿ ಅಗಿಯೂ ಮುಂದ ಒಂದು ಎಕರೆ ನಾನೂ ಕೊಟ್ಟೇನಿ."

ಇಲ್ಲಿಗೆ ನಿಲ್ಲಿಸಿದ. ಚಂದ್ರಾಮಪ್ಪ ತಲೆದೂಗಲಿಲ್ಲ, ಇನ್ನೂ ಇದೆ ಎಂಬಂತೆ ನೋಡುತ್ತ ಕೂತ.

"ಹೊಲ ಕೊಟ್ಟೇನಿ, ನೀರು ಕಂಡಿಲ್ಲ. ನನ್ನ ಪಾಳಿ ಬಂದಾಗ ಮ್ಯಾಲಿನವ್ರು..." ಅಮರಪ್ಪ ಗಂಟಲು ಸರಿಮಾಡಿಕೊಂಡ. "ಮ್ಯಾಲಿನವ್ರು ಕಾಲುವಿಗೆ ಅಡ್ಡ ಕಲ್ಲು ಇಡ್ತಾರ."

ಚಂದ್ರಾಮಪ್ಪ ತಲೆದೂಗಿದ. ಈ ಸಲ ಯಾರೂ ನಗಲಿಲ್ಲ. ಆ ಊರಿನಲ್ಲಿ ಅವನ ಮಾತು ಸಾಹುಕಾರನ ಬಾಯಿಂದ ಬಂದದ್ದು ಅದೇ ಮೊದಲು. ಅದನ್ನು ಆಡಿಸಿದವಳು ಅವನ ಮಗಳು.

ಆಮೇಲಿನದು ಸಲೀಸಾಯಿತು. ಇಟ್ಟವರೇ ಕಲ್ಲು ತೆಗೆಯುವುದು, ವಾರದಲ್ಲಿ ಮೂರು ದಿನ ನೀರು ಕೆಳಗಿನವರಿಗೆ, ಜವುಳು ಬಸಿಯಲು ಎರಡೂ ಕಡೆಯವರು ಸೇರಿ ಬಸಿಗಾಲುವೆ ತೋಡುವುದು. ಒಂದು ಮಾತು ಉಳಿಯಿತು. ಕೆಳಗಿನ ಹೊಲಗಳಲ್ಲಿ ಮೊದಲ ಸರದಿ ಯಾರದು, ನಿಮ್ಮಪ್ಪನದೋ ಎಂದು ಅಮರಪ್ಪ ಮೆಲ್ಲಗೆ ಕೇಳಿದ.

ರತ್ನಾಬಾಯಿಗೆ ಆ ದಿನ ಮಾತು ತಡವರಿಸಿದ್ದು ಅಲ್ಲೊಂದೇ ಕಡೆ. ಶೇಂಗಾದ ಸ್ಥಿತಿ ಅವಳಿಗೂ ಗೊತ್ತಿತ್ತು. ಅವಳು ಬಾಯಿ ತೆರೆಯುವ ಮೊದಲೇ ಚಂದ್ರಾಮಪ್ಪ ಎದ್ದು ನಿಂತ.

"ನ್ಯಾಯ ಹೇಳಿದ ಮನೀದು ಕೊನೀಗೇ ಇರ್ಲಿ."

ಕೊನೆಯ ಸರದಿ ಬಂದದ್ದು ಎರಡನೆಯ ವಾರಕ್ಕೆ. ಅಷ್ಟರಲ್ಲಿ ಶೇಂಗಾ ಒಣಗಿತ್ತು. ಮೋನಮ್ಮ ಬಳ್ಳಿ ಕಿತ್ತು ಆಡಿಗೆ ಹಾಕಿದಳು, ಗಂಡನ ಜೊತೆ ಮಾತು ಬಿಟ್ಟಳು. ಕೆಂಭಾವಿ ಸಂತೆಗೆ ಹೋದಾಗ ಗುರುತಿಲ್ಲದ ಹೆಂಗಸರು ತಡೆದು, ನ್ಯಾಯ ಹೇಳಿದ ರತ್ನಾಬಾಯಿಯ ಅವ್ವ ನೀನೇ ಏನು ಎಂದು ಕೇಳಿದರಂತೆ. ಅವತ್ತು ಬರುವಾಗ ಗಂಡನಿಗೆ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದಳು.

ಹೋದದ್ದು ಮೂರು ಎಕರೆ ಶೇಂಗಾ. ನೀರು ಕವಲಿನ ಕೊನೆಯ ತನಕ ಬಂತು, ಈಗಲೂ ಬರುತ್ತದೆ. ತಕರಾರು ಎದ್ದಾಗ ಬೇವಿನ ಕೆಳಗೆ ಜಮಖಾನ ಹಾಸಿ, ಎದುರಿನವನ ಮಾತನ್ನು ಮೊದಲು ಹೇಳುತ್ತಾರೆ. ಅದಕ್ಕೆ ಈಗ ರತ್ನಾಬಾಯಿಯನ್ನು ಕರೆಸಬೇಕಾಗಿಲ್ಲ.