ಗಂಟಿನೊಳಗಿನ ಸೂಜಿ

ವಾರ್ಡಿನಿಂದ ಬಂದ ಹಾಸುಬಟ್ಟೆಯ ಗಂಟು ಬಿಚ್ಚುತ್ತಿದ್ದ ಅತ್ತಿಗೆ ಒಮ್ಮೆಲೇ ಕೈ ಕೊಡವಿದಳು. "ಈ ವಾರ್ಡಿನವರ ಕೈ ಸೇದಿಹೋಗ!" ಎಂದಳು. ಅಂಗೈಯಲ್ಲಿ ರಕ್ತದ ಹನಿ ಮೂಡಿತ್ತು. ಯಾವುದೋ ರೋಗಿಗೆ ಚುಚ್ಚಿ ತೆಗೆದ ಸೂಜಿ, ಮಂಚದ ಪಕ್ಕದ ಗಟ್ಟಿ ಡಬ್ಬಿಗೆ ಬೀಳಬೇಕಾದದ್ದು, ಬಟ್ಟೆಯ ಮಡಿಕೆಯಲ್ಲಿ ಕುಳಿತು ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ನಮ್ಮ ಲಾಂಡ್ರಿಗೆ ಇಳಿದಿತ್ತು.

ನಾನು ಅವಳನ್ನು ನಲ್ಲಿಯ ಬಳಿಗೆ ಎಳೆದೊಯ್ದು ಸೋಪು ಹಾಕಿ ಕೈ ತೊಳೆಸಿದೆ. ಎದುರಿಗೇ ಗಾಜಿನ ಬೀರು. ಒಳಗೆ ದಪ್ಪ ರಬ್ಬರಿನ ಕೈಗವಸುಗಳು, ಹೊರಗೆ ಬೀಗ. ತಪಾಸಣೆಯವರು ಬಂದ ದಿನ ಅವು ನಮ್ಮ ಕೈಗೆ ಏರುತ್ತವೆ, ಅವರ ಜೀಪು ಗೇಟು ದಾಟುತ್ತಲೇ ಇಳಿಯುತ್ತವೆ. ಪಕ್ಕದಲ್ಲಿ ಕಾನೂನಿನ ಫಲಕ: ಕೆಲಸದಲ್ಲಿ ಸೂಜಿ ಚುಚ್ಚಿದರೆ ತಕ್ಷಣ ರಕ್ತಪರೀಕ್ಷೆ, ಔಷಧಿ, ಸಂಬಳ ಸಹಿತ ರಜೆ. ಅದಕ್ಕೂ ಗಾಜು ಹಾಕಿಸಿದ್ದಾರೆ.

ಮೇಲ್ವಿಚಾರಕ ಬಂದ. ಅಂಗಿಗೆ ಒಂದು ಸುಕ್ಕೂ ಬೀಳದಂತೆ ಓಡಾಡುವ ಅವನನ್ನು ನಾವು ಇಸ್ತ್ರಿ ಎನ್ನುತ್ತೇವೆ.

"ಮೇಲೆ ಡಾಕ್ಟರ ಹತ್ರ ಹೋಗು. ಆದ್ರೆ ಮನೇಲಿ ಬಟ್ಟೆ ಹೊಲಿಯೋವಾಗ ಚುಚ್ಚಿತು ಅನ್ನು. ಇಲ್ಲಿ ಅಂದ್ರೆ ವಿಚಾರಣೆ, ಗಲಾಟೆ. ನಿನ್ನ ಕೆಲಸಕ್ಕೇ ಕುತ್ತು."

"ನಾನು ಹೊಲಿಯೋದನ್ನ ನನ್ನ ಗಂಡನೇ ನೋಡಿಲ್ಲ ಸಾರ್. ನೀವ್ಯಾವಾಗ ನೋಡಿದ್ರಿ?"

ಹಿಂದೆ ಯಾರೋ ಕಿಸಕ್ಕೆಂದರು. ಇಸ್ತ್ರಿ ನಗಲಿಲ್ಲ.

ಮನೆಯ ಸೂಜಿ ಎಂದರೆ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿಬಿಡುತ್ತಾರೆ. ರಕ್ತದಿಂದ ಹರಡುವ ಸೋಂಕನ್ನು ತಡೆಯುವ ಮಾತ್ರೆ ಸಿಗುವುದಿಲ್ಲ. ಅದನ್ನು ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ಇಷ್ಟು ಇಸ್ತ್ರಿಗೂ ಗೊತ್ತಿತ್ತು. ಗೊತ್ತಿದ್ದೂ ಹೇಳಿದನಲ್ಲ ಎಂದು ನನ್ನ ಮೈ ಉರಿಯಿತು.

ಅತ್ತಿಗೆ ನನ್ನ ಕಿವಿಯ ಹತ್ತಿರ ಬಂದಳು. "ಸಂಜೆ ಮಗೂಗೆ ಹಾಲು ಕೊಡಬಹುದೇನೇ?"

ನಾನು ಸೂಜಿಯನ್ನು ಇಕ್ಕಳದಲ್ಲಿ ಎತ್ತಿ ನನ್ನ ಸ್ಟೀಲಿನ ಊಟದ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ. ನಮಗೆಂದು ಇಟ್ಟಿದ್ದ ಹಿಂಬದಿಯ ಲಿಫ್ಟನ್ನು ಬಿಟ್ಟು, ಅತ್ತಿಗೆಯ ರಟ್ಟೆ ಹಿಡಿದು ಮುಂಬದಿಯ ಮೆಟ್ಟಿಲು ಹತ್ತಿದೆ. ಇಸ್ತ್ರಿ ಹಿಂದೆಯೇ ಓಡಿಬಂದ.

ತುರ್ತು ಚಿಕಿತ್ಸೆಯ ಕೋಣೆಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. "ಹೇಗಾಯ್ತಮ್ಮ?" ಎಂದರು.

"ಮನೇಲಿ ಡಾಕ್ಟ್ರೇ, ಹೊಲಿಗೆ ಸೂಜಿ," ಎಂದ ಇಸ್ತ್ರಿ, ಏದುಸಿರು ಬಿಡುತ್ತಲೇ.

ಕೆಳಗೆ ಅವನಿಗೆ ಎದುರುತ್ತರ ಕೊಟ್ಟಿದ್ದ ಅತ್ತಿಗೆ ಇಲ್ಲಿ ತಲೆ ತಗ್ಗಿಸಿದಳು. ಕೆಲಸ ಹೋದರೆ ಮನೆ ನಡೆಯುವುದು ಹೇಗೆಂದು ಲೆಕ್ಕ ಹಾಕುತ್ತಿದ್ದಳೇನೋ. ಅವನ ಸುಳ್ಳಿಗಿಂತ ಅವಳ ಮೌನಕ್ಕೇ ನನಗೆ ಸಿಟ್ಟು ನೆತ್ತಿಗೇರಿತು. ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲೆ ಇಟ್ಟೆ. ಸೂಜಿಗೆ ರೆಕ್ಕೆಯಂಥ ಎರಡು ಪ್ಲಾಸ್ಟಿಕ್ ಪಟ್ಟಿ, ಹಿಂದೆ ಗೇಣುದ್ದದ ಕೊಳವೆ, ಕೊಳವೆಯಲ್ಲಿ ರಕ್ತ.

"ಇದ್ರಲ್ಲಿ ನಮ್ಮತ್ತಿಗೆ ಗುಂಡಿ ಹೊಲೀತಾಳಂತೆ ಡಾಕ್ಟ್ರೇ. ನಿಮ್ದೂ ಯಾವ್ದಾದ್ರೂ ಅಂಗಿ ಇದ್ರೆ ಕೊಡಿ."

ಡಾಕ್ಟರು ಡಬ್ಬಿಯನ್ನು ನೋಡಿದರು, ಇಸ್ತ್ರಿಯನ್ನು ನೋಡಿದರು. "ನೀವು ಹೊರಗಿರಿ," ಎಂದರು ಅವನಿಗೆ. ಅತ್ತಿಗೆಯ ಕಡೆ ತಿರುಗಿ, "ಎಲ್ಲಾಯ್ತು, ನೀವು ಹೇಳಿ."

"ಕೆಳಗೆ. ಲಾಂಡ್ರೀಲಿ," ಎಂದಳು ಅತ್ತಿಗೆ. ದನಿ ಏಳಲಿಲ್ಲ, ಆದರೆ ಹೇಳಿದಳು.

ರಕ್ತ ತೆಗೆದರು. ಮಾತ್ರೆ ಬಂತು. ಅದನ್ನು ನುಂಗಿದ ಮೇಲೆ ಅತ್ತಿಗೆ, ಮಗುವಿಗೆ ಹಾಲು ಕೊಡಬಹುದೇ ಎಂದು ಡಾಕ್ಟರನ್ನು ಕೇಳಿದಳು.

"ಸದ್ಯಕ್ಕೆ ಬೇಡ. ಹಿಂಡಿ ಚೆಲ್ಲಿಬಿಡಿ. ಪರೀಕ್ಷೆ ನೋಡಿ ಹೇಳ್ತೀನಿ."

ಅತ್ತಿಗೆಯ ಬಟ್ಟೆಯ ಎದೆಯ ಭಾಗ ಆಗಲೇ ಒದ್ದೆಯಾಗಿತ್ತು. ಮಗು ಹಾಲಿಗೆ ಅಳುವ ಹೊತ್ತು. ಆ ಫಲಕದಲ್ಲಿ ಔಷಧಿಗೆ, ರಜೆಗೆ, ಸಂಬಳಕ್ಕೆ ಒಂದೊಂದು ಸಾಲಿತ್ತು. ಇದಕ್ಕೆ ಯಾವ ಸಾಲೂ ಇರಲಿಲ್ಲ.

ಹೊರಗೆ ಇಸ್ತ್ರಿ ಫೋನಿನಲ್ಲಿ ಯಾರಿಗೋ ಸಮಜಾಯಿಷಿ ಕೊಡುತ್ತಿದ್ದ. ಅತ್ತಿಗೆ ನೇರ ಹೋಗಿ ಅವನ ತೋಳನ್ನು ಮುಷ್ಟಿಯಲ್ಲಿ ಹಿಡಿದಳು.

"ನಡಿ, ನಮ್ಮನೆಗೆ. ಮಗೂ ಬಾಯಿಗೆ ಬಾಟ್ಲಿ ನೀನೇ ಇಡು. ತಗೊಳ್ಳುತ್ತಾ ನೋಡ್ತೀನಿ."

ಅವನು ಕೊಸರಿದ. ಅವಳು ಬಿಡಲಿಲ್ಲ. ಬಿಡಿಸಲು ನಾನೂ ಹೋಗಲಿಲ್ಲ.