ಬುಧವಾರ ಮಧ್ಯಾಹ್ನದ ಮದರ್‌ಬೋರ್ಡ್

ಬೀದಿಯವರೆಲ್ಲ ಅವರನ್ನು ದನದ ಡಾಕ್ಟರು ಎಂದೇ ಕರೆಯುತ್ತಿದ್ದರು. ಅವರು ದನ ಮುಟ್ಟಿ ಎಷ್ಟೋ ಕಾಲವಾಗಿತ್ತು. ಮನೆಯ ಮುಂದಿನ ಕೋಣೆಯೇ ಕ್ಲಿನಿಕ್ಕು. ಬರುವವೆಲ್ಲ ನಾಯಿ, ಬೆಕ್ಕು, ಅಪರೂಪಕ್ಕೊಂದು ಮೊಲ. ಒಮ್ಮೆ ಯಾರೋ ಆಮೆಯೊಂದನ್ನು ತಂದು, ಇದು ಬೆಳಗಿನಿಂದ ಸುಮ್ಮನೆ ಕೂತುಬಿಟ್ಟಿದೆ ಎಂದು ದೂರಿದ್ದರು. ಆದರೂ ಹೆಸರು ದನದ ಡಾಕ್ಟರೇ. ಡಾಕ್ಟರು ಅದನ್ನು ತಿದ್ದಲು ಹೋಗಲಿಲ್ಲ. ತಾವು ಆಡಿದ ಮಾತನ್ನಂತೂ ಅವರು ಎಂದೂ ತಿದ್ದಿಕೊಂಡವರಲ್ಲ. ಆ ಹಟವೇ ಈಗ ಅವರ ಕೊರಳಿಗೆ ಸುತ್ತಿಕೊಂಡಿತ್ತು.

ಅದಕ್ಕೆ ಕಾರಣ ಭಾಮೈದ. ಹೆಂಡತಿಯ ಈ ತಮ್ಮ ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಮೇಷ್ಟ್ರು. ವಿಂಡೋಸಿನ ಬದಲು ಕಂಪ್ಯೂಟರಿಗೆ ಹಾಕಿಕೊಳ್ಳುವ ಲಿನಕ್ಸ್ ಎಂದರೆ ಅವನಿಗೆ ಪ್ರಾಣ. ಲಿನಕ್ಸಿನ ಗುರುತು ಪೆಂಗ್ವಿನ್ ಹಕ್ಕಿ. ಇವನ ನಡಿಗೆಯೂ ಸ್ವಲ್ಪ ಹಾಗೇ ಇದ್ದುದರಿಂದ ಮನೆಯವರ ಬಾಯಲ್ಲಿ ಪೆಂಗ್ವಿನ್ ಎಂಬ ಹೆಸರೇ ನಿಂತುಬಿಟ್ಟಿತ್ತು. ಮದುವೆ ಮನೆಯಲ್ಲಿ ಪಕ್ಕ ಕೂತ ಅಪರಿಚಿತರಿಗೂ ಅವನು ಲಿನಕ್ಸಿನ ಗುಣಗಾನ ಮಾಡುವವನು. ಹೋದ ವರ್ಷ ಭಾವನೂ ಭಾಮೈದನೂ ಚೆಸ್ ಆಡುವಾಗ ಮಾತಿಗೆ ಮಾತು ಬೆಳೆದು ಪಂದ್ಯ ಕಟ್ಟಿದರು. ಭಾವ ಗೆದ್ದರೆ ಪೆಂಗ್ವಿನ್ ಒಂದು ವರ್ಷ ಲಿನಕ್ಸಿನ ಸುದ್ದಿ ಎತ್ತಕೂಡದು. ಸೋತರೆ ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಒಂದು ವರ್ಷ ಲಿನಕ್ಸೇ ಇರಬೇಕು. ಡಾಕ್ಟರು ಸೋತರು, ಅದೂ ಮಂತ್ರಿಯನ್ನು ಕೈಯಾರೆ ಒಪ್ಪಿಸಿ.

“ಒಂದು ವರ್ಷ ತಾನೇ? ಹಲ್ಲು ಕಚ್ಚಿಕೊಂಡು ಇರ್ತೀನಿ. ವರ್ಷ ಮುಗಿದ ದಿನವೇ ಆ ನಿನ್ನ ಹಕ್ಕಿಯನ್ನ ಕಿಟಕಿಯಿಂದ ಆಚೆಗೆ ಹಾರಿಸದಿದ್ದರೆ ಕೇಳು!” ಎಂದು ಅವರು ನೆಂಟರಿಷ್ಟರ ಎದುರಿಗೇ ಗುಡುಗಿದ್ದರು.

ಆಮೇಲೆ ಆದದ್ದೇ ಬೇರೆ. ಮೊದಲ ತಿಂಗಳು ಬೈದರು, ಎರಡನೆಯ ತಿಂಗಳು ಗೊಣಗಿದರು, ಆಮೇಲೆ ಗೊಣಗುವುದು ಮರೆತೇಹೋಯಿತು. ಪರದೆಯ ಕಪ್ಪು ಕಿಟಕಿಯಲ್ಲಿ ಒಂದು ಸಾಲು ಟೈಪು ಮಾಡಿ ಎಂಟರ್ ಒತ್ತಿದರೆ ಹೇಳಿದ ಕೆಲಸ ತೆಪ್ಪಗೆ ನಡೆಯುತ್ತಿತ್ತು. ಅವರ ಇಡೀ ದಿನದಲ್ಲಿ ಹೇಳಿದ ಮಾತು ಕೇಳುವ ಬೇರೊಂದು ಜೀವ ಇರಲಿಲ್ಲ. ನಾಯಿಗಳು ಕಚ್ಚಲು ಬರುತ್ತಿದ್ದವು, ಬೆಕ್ಕುಗಳು ತಿರಸ್ಕಾರದಿಂದ ನೋಡುತ್ತಿದ್ದವು, ಹೆಂಡತಿಯಂತೂ ಈಜುಕೊಳದಲ್ಲಿ ಕೋಚ್; ಸೀಟಿ ಕೈಯಲ್ಲಿ ಇಲ್ಲದಾಗಲೂ ಅವಳ ಮಾತಿಗೆ ಸೀಟಿಯ ಗತ್ತು. ಹೀಗಿರುವಾಗ ವಿಧೇಯವಾದ ಒಂದು ಡಬ್ಬ ಮನಸ್ಸಿಗೆ ಹಿಡಿಸಿದ್ದರಲ್ಲಿ ಆಶ್ಚರ್ಯವೇನು? ವರ್ಷ ಮುಗಿದು ತಿಂಗಳಾದರೂ ಹಕ್ಕಿ ಹಾರಿಹೋಗಲಿಲ್ಲ. ಕೇಳಿದವರಿಗೆ ಡಾಕ್ಟರು, “ಪುರುಸೊತ್ತೇ ಆಗಿಲ್ಲ ನೋಡಿ” ಎನ್ನುತ್ತಿದ್ದರು.

ಅಷ್ಟರಲ್ಲಿ ಕಂಪ್ಯೂಟರೇ ಕೈಕೊಡತೊಡಗಿತು. ಅದು ಹಳೆಯ ಕಾಲದ್ದು. ನಾಯಿಯ ಎಕ್ಸ್‌ರೇ ತೆರೆದರೆ ಮೊದಲು ಬಾಲ ಕಾಣಿಸುತ್ತಿತ್ತು, ಆಮೇಲೆ ಆಮೆವೇಗದಲ್ಲಿ ಬೆನ್ನುಮೂಳೆ. ತಲೆ ಬರುವ ಹೊತ್ತಿಗೆ ಆ ನಾಯಿ ಮೇಜಿನ ಕಾಲಿಗೆ ತನ್ನ ಗುರುತು ಬಿಟ್ಟಿರುತ್ತಿತ್ತು.

“ಒಳಗಿನದೆಲ್ಲ ಬದಲಾಯಿಸಿಬಿಡಿ. ಹೇಗೂ ಪಂದ್ಯ ಮುಗೀತಲ್ಲ, ನಿಮಗೆ ಬೇಕಾದ್ದು ಹಾಕಿಸ್ಕೊಳ್ಳಿ” ಎಂದಳು ಹೆಂಡತಿ, ನೆಲ ಒರೆಸುತ್ತಾ.

“ಅದೇ ಮಾಡ್ತೀನಿ” ಎಂದರು ಡಾಕ್ಟರು. ಅವರಿಗೆ ಬೇಕಾದ್ದು ಲಿನಕ್ಸೇ. ಬಾಯಿಬಿಟ್ಟು ಹೇಳುವುದಾದರೂ ಹೇಗೆ? ಹೇಳಿದರೆ ಸಂಜೆಯೊಳಗೆ ತಮ್ಮನ ಕಿವಿಗೆ ಬೀಳುತ್ತದೆ. ಆಮೇಲೆ ಅವನು ನೆಂಟರ ಮನೆಮನೆಗೂ ಫೋನು ಮಾಡುತ್ತಾನೆ.

ಹೀಗಾಗಿ ಯಾವ ಬಿಡಿಭಾಗ ಲಿನಕ್ಸಿಗೆ ಒಗ್ಗುತ್ತದೆಂದು ಊರಿನಲ್ಲೇ ಚೆನ್ನಾಗಿ ಬಲ್ಲವನನ್ನು ಬಿಟ್ಟು ಡಾಕ್ಟರು ಒಬ್ಬರೇ ಕಲಿಯಬೇಕಾಯಿತು. ಊಟದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡು ಓದಿದರು. ಪ್ರೊಸೆಸರಿನದು ತಕರಾರಿಲ್ಲ, ರ‍್ಯಾಮಿನದಂತೂ ಇಲ್ಲವೇ ಇಲ್ಲ. ಗ್ರಾಫಿಕ್ಸ್ ಕಾರ್ಡಿನಲ್ಲಿ ಎರಡು ಜಾತಿ: ಕೆಲವಕ್ಕೆ ಬೇಕಾದ ಡ್ರೈವರು ಎಂಬ ಪುಟ್ಟ ತಂತ್ರಾಂಶ ಲಿನಕ್ಸಿನ ಒಳಗೇ ಇರುತ್ತದೆ, ಕೆಲವಕ್ಕೆ ಹೊರಗಿನಿಂದ ತಂದು ಕೂರಿಸಬೇಕು. ಎಲ್ಲಕ್ಕಿಂತ ಕಿಲಾಡಿ ಎಂದರೆ ವೈಫೈ ಕಾರ್ಡು. ಪೆಟ್ಟಿಗೆ ಅದೇ, ಹೆಸರು ಅದೇ, ಒಳಗಿನ ಚಿಪ್ ಮಾತ್ರ ಸದ್ದಿಲ್ಲದೆ ಬದಲಾಗಿರುತ್ತದೆ. ಅಂಗಡಿಯಲ್ಲೇ ಪೆನ್‌ಡ್ರೈವಿನಿಂದ ಲಿನಕ್ಸ್ ಓಡಿಸಿ ನೋಡಿಯೇ ತರಬೇಕು ಎಂದು ಅನುಭವಸ್ಥರೆಲ್ಲ ಒಂದೇ ಬಾಯಲ್ಲಿ ಬರೆದಿದ್ದರು.

ಹಾಗೆ ನೋಡಲು ಬಿಡುವ ಅಂಗಡಿ ಊರಿನಲ್ಲಿ ಇದ್ದದ್ದು ಒಂದೇ. ಪೆಂಗ್ವಿನ್ ಸದಾ ಹೊಗಳುತ್ತಿದ್ದ ಅಂಗಡಿಯೇ ಅದು. ಡಾಕ್ಟರು ತುಂಬ ಯೋಚಿಸಿ ಬುಧವಾರ ಮಧ್ಯಾಹ್ನವನ್ನು ಆರಿಸಿಕೊಂಡರು. ಆ ಹೊತ್ತಿನಲ್ಲಿ ಭಾಮೈದನಿಗೆ ಲ್ಯಾಬು ಇರುತ್ತದೆ, ಸಿಕ್ಕಿಬೀಳುವ ಭಯವಿಲ್ಲ. ತಮಗೂ ಅದೇ ಹೊತ್ತಿಗೆ ಆಪರೇಷನ್ನುಗಳಿದ್ದವು, ಗುರುವಾರಕ್ಕೆ ಮುಂದೂಡಿದರು. ಅದರಿಂದ ಗಂಡು ಬೆಕ್ಕೊಂದರ ಗಂಡಸುತನಕ್ಕೆ ಇನ್ನೊಂದು ದಿನ ಆಯುಸ್ಸು ಸಿಕ್ಕಿತು.

ಅಂಗಡಿ ಇದ್ದದ್ದು ಮೊದಲ ಮಹಡಿಯಲ್ಲಿ. ಮೆಟ್ಟಿಲಿನ ಎರಡೂ ಬದಿಗೆ ಖಾಲಿ ರಟ್ಟಿನ ಪೆಟ್ಟಿಗೆಗಳು, ಒಳಗೆ ಬಿಸಿ ಬೆಸುಗೆಯ ವಾಸನೆ. ಒಡತಿ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಕೂತಿದ್ದರು.

“ಲಿನಕ್ಸ್‌ಗೆ ಹೊಂದೋ ಸಾಮಾನು ಬೇಕಾಗಿತ್ತು” ಎಂದರು ಡಾಕ್ಟರು, ದನಿ ತಗ್ಗಿಸಿ. “ನನಗಲ್ಲ. ನನ್ನ ಸ್ನೇಹಿತರೊಬ್ಬರಿಗೆ.”

“ಸ್ನೇಹಿತರು ಏನು ಕೆಲಸ ಮಾಡ್ತಾರೆ?”

“ದನದ ಡಾಕ್ಟ್ರು.”

ಒಡತಿ ಅವರ ಅಂಗಿಯ ತೋಳಿಗೆ ಅಂಟಿದ್ದ ಬೆಕ್ಕಿನ ಕೂದಲನ್ನು ಒಮ್ಮೆ ನೋಡಿ ಎದ್ದರು. ಮದರ್‌ಬೋರ್ಡನ್ನು ಅದರದೇ ಪೆಟ್ಟಿಗೆಯ ಮೇಲೆ ಮಲಗಿಸಿ, ಪ್ರೊಸೆಸರು, ರ‍್ಯಾಮು, ವೈಫೈ ಕಾರ್ಡು ಸಿಕ್ಕಿಸಿದರು. ಸುತ್ತ ಡಬ್ಬವಿಲ್ಲದೆ, ಸ್ವಿಚ್ಚಿಲ್ಲದೆ ಬಿದ್ದಿದ್ದ ಆ ಹಸಿರು ಹಲಗೆ ಡಾಕ್ಟರಿಗೆ ಹೊಟ್ಟೆ ತೆರೆದು ಮಲಗಿಸಿದ ಕಪ್ಪೆಯಂತೆ ಕಂಡಿತು. ಒಡತಿ ಸ್ಕ್ರೂಡ್ರೈವರಿನ ತುದಿಯಿಂದ ಎರಡು ಮುಳ್ಳುಗಳನ್ನು ಸೋಕಿಸಿದ್ದೇ ತಡ, ಫ್ಯಾನು ಗಿರ್ರನೆ ತಿರುಗಿತು. ಡಾಕ್ಟರು ತಂದಿದ್ದ ಪೆನ್‌ಡ್ರೈವು ಮಿನುಗಿತು. ಪರದೆಯ ಮೇಲೆ ಪರಿಚಯದ ಮುಖ ಮೂಡಿದಾಗ ಡಾಕ್ಟರಿಗೆ ಆದ ಖುಷಿ ಅಷ್ಟಿಷ್ಟಲ್ಲ.

ಸದ್ದು ಬಂತು. ತಂತಿಯ ನೆಟ್‌ವರ್ಕು ಬಂತು. ವೈಫೈ ಬರಲಿಲ್ಲ. ಡಾಕ್ಟರು ಅಲ್ಲಿ ಒತ್ತಿದರು, ಇಲ್ಲಿ ಒತ್ತಿದರು, ಕಾರ್ಡಿನ ಪೆಟ್ಟಿಗೆಯನ್ನು ಮೂಗಿಗೆ ಹಿಡಿದು ಓದಿದರು. ತಾವು ಓದಿಕೊಂಡು ಬಂದಿದ್ದ ಹೆಸರೇ, ಅದರಲ್ಲಿ ಅನುಮಾನವಿಲ್ಲ. ಅವರು ಹೀಗೆ ಪರದಾಡುತ್ತಿರುವಾಗಲೇ ಬಾಗಿಲ ಕಡೆಯಿಂದ ಪಿಸುದನಿಯೊಂದು ಕೇಳಿಸಿತು.

“ಮೇಡಂ, ನಾನು ಹೇಳಿದ್ದ ಗ್ರಾಫಿಕ್ಸ್ ಕಾರ್ಡ್ ಬಂತಾ? ಹಾಗೇ, ಆ... ವಿಂಡೋಸು. ಅದನ್ನೂ ಕೊಡಿ. ನನಗಲ್ಲ. ಸ್ನೇಹಿತನಿಗೆ.”

ಆ ದನಿ ಡಾಕ್ಟರಿಗೆ ತಮ್ಮ ಕ್ಲಿನಿಕ್ಕಿನ ಕರೆಗಂಟೆಗಿಂತ ಚೆನ್ನಾಗಿ ಗೊತ್ತು. ಥಟ್ಟನೆ ಬಗ್ಗಿ ಮಾನಿಟರಿನ ಪೆಟ್ಟಿಗೆಗಳ ಹಿಂದೆ ಕುಕ್ಕರಗಾಲಲ್ಲಿ ಕೂತರು. ಭಯದ ಬೆನ್ನಲ್ಲೇ, ಅವನು ಕೇಳಿದ್ದೇನು ಎಂಬುದು ತಲೆಗೆ ಇಳಿಯಿತು. ವಿಂಡೋಸೇ? ಇವನಿಗೇ?

“ಇವತ್ತು ಎಲ್ಲರಿಗೂ ಸ್ನೇಹಿತರ ಚಿಂತೆಯೇ” ಎಂದರು ಒಡತಿ. “ವಿಂಡೋಸ್ ಯಾತಕ್ಕೆ ಸರ್ ನಿಮ್ಮ ಸ್ನೇಹಿತರಿಗೆ?”

“ಕಾರ್ ರೇಸಿನ ಆಟ. ಸ್ಟಾಫ್‌ರೂಮಿನವರೆಲ್ಲ ರಾತ್ರಿ ಒಟ್ಟಿಗೆ ಆಡ್ತಾರೆ. ಆ ಒಂದು ಆಟ ಮಾತ್ರ ಲಿನಕ್ಸಲ್ಲಿ ಓಡೋದೇ ಇಲ್ಲ ಮೇಡಂ, ನಾನು ಮಾಡದ ಪ್ರಯತ್ನ ಇಲ್ಲ. ಅಂದ್ರೆ, ಅವನು ಮಾಡದ ಪ್ರಯತ್ನ.”

“ನೋಡಿ, ಇಲ್ಲೊಬ್ಬರು ಪೆನ್‌ಡ್ರೈವ್ ಸಮೇತ ಬಂದು ಲಿನಕ್ಸಿಗೆ ಪರೀಕ್ಷೆ ಮಾಡಿ ತಗೊಳ್ತಿದ್ದಾರೆ. ನೀವಿಬ್ರೂ ಮಾತಾಡಿದ್ರೆ ಒಳ್ಳೇದು. ಎಲ್ಲಿ ಹೋದ್ರು? ಸರ್, ಏನಾದ್ರೂ ಬಿದ್ದುಹೋಯ್ತಾ?”

ಡಾಕ್ಟರು ಮೊಣಕಾಲು ಹಿಡಿದುಕೊಂಡು ಮೇಲೆದ್ದರು. ಎರಡು ಹೆಜ್ಜೆ ಆಚೆಗೆ ಪೆಂಗ್ವಿನ್ ಬಾಯಿ ತೆರೆದುಕೊಂಡು ನಿಂತಿದ್ದ.

“ಭಾವ! ನಿಮಗೆ ಆಪರೇಷನ್ ಇತ್ತಲ್ಲ?”

“ನಿನಗೆ ಲ್ಯಾಬ್ ಇತ್ತಲ್ಲೋ?”

“ನಿಮಗೆ ಆಪರೇಷನ್ ಇರುತ್ತೆ ಅಂತಲೇ ಬುಧವಾರ ರಜಾ ಹಾಕಿ ಬಂದೆ.”

“ನಾನೂ ಅಷ್ಟೇ” ಎಂದರು ಡಾಕ್ಟರು.

ಒಡತಿ ಇಬ್ಬರ ಮುಖವನ್ನೂ ನೋಡಿ, ಬಿಸ್ಕತ್ತಿನ ಡಬ್ಬಿ ತೆರೆದು ಕುರ್ಚಿಯ ಮೇಲೆ ಆರಾಮಾಗಿ ಕೂತರು.

ಭಾಮೈದನನ್ನು ಹುರಿದು ಮುಕ್ಕಲು ಡಾಕ್ಟರ ನಾಲಿಗೆ ತುರಿಸುತ್ತಿತ್ತು. ಪೆಂಗ್ವಿನ್‌ನ ನಾಲಿಗೆಗೂ ಅದೇ ತುರಿಕೆ. ಆದರೆ ಅವನ ಕಣ್ಣು ಭಾವನ ಭುಜದಾಚೆಗೆ, ಪರದೆಯ ಕಡೆಗೆ ಹರಿಯಿತು. ಪರೀಕ್ಷೆಯಲ್ಲಿ ಹುಡುಗರು ತಂತಿ ತಪ್ಪಾಗಿ ಜೋಡಿಸಿದ್ದನ್ನು ಕಂಡಾಗಲೂ ಅವನು ಹೀಗೇ ಚಡಪಡಿಸುವವನು.

“ವೈಫೈ ಬರ್ತಿಲ್ವಾ?”

“ಇಲ್ಲ. ಓದಿದ್ದೆಲ್ಲ ಸರಿಯಿದೆ. ಪೆಟ್ಟಿಗೇನೂ ಸರಿಯಿದೆ.”

“ಸ್ವಲ್ಪ ಸರೀರಿ.” ಪೆಂಗ್ವಿನ್ ಕೀಬೋರ್ಡು ಎಳೆದುಕೊಂಡು ಒಂದು ಸಾಲು ಹೊಡೆದ. “ನೋಡಿ ಭಾವ, ಚಿಪ್ ಬೇರೆ. ಪೆಟ್ಟಿಗೆ ಮೂಲೇಲಿ ಸಾಸಿವೆ ಕಾಳಿನಷ್ಟು ‘ವಿ2’ ಅಂತಿದೆ, ಕಾಣಿಸ್ತಾ? ಇದಕ್ಕೆ ಡ್ರೈವರ್ ಇನ್ನೂ ಬಂದಿಲ್ಲ. ಮೇಡಂ, ಹಳೇದು ಒಂದು ಇದೆಯಾ?”

ಹಳೆಯದು ಇತ್ತು. ಅದನ್ನು ಸಿಕ್ಕಿಸಿದ ಮೇಲೆ ವೈಫೈ ಪಟ್ಟಿಯಲ್ಲಿ ಪಕ್ಕದ ಅಂಗಡಿ, ಕೆಳಗಿನ ಲಾಂಡ್ರಿ, ಎದುರು ಮನೆ ಎಲ್ಲ ಹಲ್ಲು ಕಿರಿದವು. ಡಾಕ್ಟರು ಮಗುವಿನಂತೆ ಚಪ್ಪಾಳೆ ತಟ್ಟಿಬಿಟ್ಟರು. ತಟ್ಟಿದ ಮೇಲೆ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಜೇಬಿನಲ್ಲಿ ಇಳಿಸಿದರು.

“ನಿಮಗೆ ಇಷ್ಟ ಆಗಿದೆ” ಎಂದ ಪೆಂಗ್ವಿನ್, ಮೆಲ್ಲಗೆ. ಅವನ ದನಿಯಲ್ಲಿ ಕುಹಕವಿರಲಿಲ್ಲ.

“ಆಗಿದೆ ಕಣೋ. ಏನೀಗ?”

“ಏನಿಲ್ಲ ಭಾವ. ಇಷ್ಟು ವರ್ಷದಲ್ಲಿ ನನ್ನ ಮಾತು ಕೇಳಿ ಇಷ್ಟಪಟ್ಟವರು ನೀವೊಬ್ಬರೇ. ಅದೂ ನಾನು ಹೀಗೆ ಸಿಕ್ಕಿಬಿದ್ದ ದಿನವೇ ಗೊತ್ತಾಗ್ಬೇಕಾ!”

ಅವನ ಮುಖ ನೋಡಿ ಡಾಕ್ಟರಿಗೆ ಅಯ್ಯೋ ಅನ್ನಿಸಿತು. ಹುರಿದು ಮುಕ್ಕುವ ಉತ್ಸಾಹ ಇಳಿದುಹೋಯಿತು. “ಆಟ ಆಡೋಕೆ ವಿಂಡೋಸ್ ಹಾಕಿಸ್ಕೊಂಡ್ರೆ ಯಾರ ಗಂಟು ಹೋಗುತ್ತೆ? ಲಿನಕ್ಸ್ ಪಕ್ಕದಲ್ಲೇ ಇರಲಿ, ಅದೂ ಇರಲಿ. ನಾನು ಬಾಯಿ ಬಿಡಲ್ಲ.”

“ಅಕ್ಕನ ಹತ್ರಾನೂ?”

“ನಿಮ್ಮಕ್ಕನ ಹತ್ರ ಮೊದಲೇ ಇಲ್ಲ.”

ಇನ್ನು ಉಳಿದದ್ದು ಡಾಕ್ಟರು ಆಸೆಪಟ್ಟು ಎತ್ತಿಟ್ಟಿದ್ದ ಗ್ರಾಫಿಕ್ಸ್ ಕಾರ್ಡು. ಮೂರು ಫ್ಯಾನಿನ, ಬಣ್ಣದ ದೀಪದ ಆನೆಗಾತ್ರದ ಕಾರ್ಡು. ಪೆಂಗ್ವಿನ್ ಅದನ್ನು ಕಂಡು ಹೌಹಾರಿದ. “ಎಕ್ಸ್‌ರೇ ನೋಡೋಕೆ ಇದ್ಯಾಕೆ ಭಾವ? ಪ್ರೊಸೆಸರ್ ಒಳಗೇ ಇರೋದು ಧಾರಾಳ ಸಾಕು. ಡ್ರೈವರೂ ಲಿನಕ್ಸ್ ಜೊತೆಗೇ ಬರುತ್ತೆ.” ಡಾಕ್ಟರು ದೀಪಗಳನ್ನು ಒಮ್ಮೆ ಆಸೆಯಿಂದ ನೋಡಿ ಒಪ್ಪಿಕೊಂಡರು. ಪೆಂಗ್ವಿನ್ ಹೇಳಿಟ್ಟಿದ್ದ ಕಾರ್ಡು ಇನ್ನೂ ಬಂದಿರಲಿಲ್ಲವಾಗಿ ಆ ಆನೆಯನ್ನು ಅವನೇ ಕರೆದೊಯ್ದ.

ಮೆಟ್ಟಿಲಿಳಿಯುವಾಗ ಇಬ್ಬರೂ ಒಂದು ಕತೆ ಹೆಣೆದರು: ಪೆಂಗ್ವಿನ್ ಬಂದು ಕಾಡಿಬೇಡಿದ, ಭಾವ ಕನಿಕರಪಟ್ಟು ಲಿನಕ್ಸನ್ನೇ ಮುಂದುವರಿಸಿದರು. ಭಾನುವಾರ ಊಟಕ್ಕೆ ಕೂತಾಗ ಕತೆ ಹೇಳಿದ್ದೂ ಆಯಿತು. ಆದರೆ ಪೆಂಗ್ವಿನ್‌ಗೆ ತಡೆದುಕೊಳ್ಳಲಾಗಲಿಲ್ಲ. “ಬೇಡಿದ್ದೇನೋ ನಿಜ ಅಕ್ಕಾ. ಆದ್ರೆ ಭಾವನ ಮುಖ ನೋಡ್ಬೇಕಿತ್ತು, ಕುಣಿದಾಡಿಬಿಟ್ರು!” ಎಂದ. ಹೆಂಡತಿ ನಕ್ಕಳು, ನೆಂಟರು ನಕ್ಕರು, ಕಿಟಕಿಯಾಚೆ ಹಾರಿಸುವ ಮಾತನ್ನು ಯಾರೋ ನೆನಪಿಸಿದರು. ತಮ್ಮ ಬಾಯಲ್ಲಿರುವ ಒಂದೇ ಮಾತಿನಿಂದ ಭಾಮೈದನ ನಗು ಆರಿಸಬಹುದೆಂದು ಡಾಕ್ಟರಿಗೆ ಗೊತ್ತಿತ್ತು. ಆಡಿದ ಮಾತಿಗೆ ತಪ್ಪುವವರಲ್ಲವಾದ್ದರಿಂದ ತಟ್ಟೆಗೆ ಮುಖ ಹಾಕಿ ಉಂಡರು.

ಗುಟ್ಟು ಕಾಯ್ದದ್ದಕ್ಕೆ ಪ್ರತಿಯಾಗಿ ಪೆಂಗ್ವಿನ್ ಅವರನ್ನು ಮನೆಗೆ ಕರೆದ. ಬುಧವಾರದ ಆಪರೇಷನ್ನು ಮುಗಿಸಿ ಡಾಕ್ಟರು ಹೋದರು, ಆಟದ ಸ್ಟಿಯರಿಂಗ್ ಹಿಡಿದು ಕೂತರು, ಕಾರನ್ನು ಉಲ್ಟಾ ದಿಕ್ಕಿನಲ್ಲಿ ಓಡಿಸಿ ಸ್ಟಾಫ್‌ರೂಮಿನ ಎಲ್ಲರಿಗೂ ಡಿಕ್ಕಿ ಹೊಡೆದರು. ರಸಾಯನಶಾಸ್ತ್ರದ ಮೇಷ್ಟ್ರು ಹೆಡ್‌ಫೋನಿನಲ್ಲೇ ಲಬೋಲಬೋ ಎಂದರು. ಮುಂದಿನ ಬುಧವಾರವೂ ಡಾಕ್ಟರು ಹೋದರು, ಅದರ ಮುಂದಿನದೂ ತಪ್ಪಿಸಲಿಲ್ಲ. ಇತ್ತ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ಕಣ್ಣು ಮಿಟುಕಿಸುವಷ್ಟರಲ್ಲಿ ತಲೆಯಿಂದ ಬಾಲದವರೆಗೆ ತೆರೆದುಕೊಳ್ಳುತ್ತಿತ್ತು.

“ಬುಧವಾರ ಬುಧವಾರ ಎಲ್ಲಿಗ್ರೀ ಹೋಗೋದು?” ಎಂದು ಒಂದು ಸಂಜೆ ಹೆಂಡತಿ ತಲೆ ಒರೆಸಿಕೊಳ್ಳುತ್ತಾ ಕೇಳಿದಳು.

“ನಿನ್ನ ತಮ್ಮನ ಮನೆಗೆ. ಲಿನಕ್ಸ್ ಕಲಿಯೋಕೆ.”

ಅವಳು ಟವೆಲನ್ನು ಹೆಗಲಿಗೆ ಹಾಕಿಕೊಂಡು ಗಂಡನನ್ನು ಮೆಚ್ಚುಗೆಯಿಂದ ನೋಡಿದಳು. “ಎಷ್ಟು ಚೆನ್ನಾಗಿದೆ! ಈಜುಕೊಳದ ಆಫೀಸಿಗೂ ಅದನ್ನೇ ಹಾಕಿಸೋಣ ಅಂತಿದ್ದಾರೆ. ಮುಂದಿನ ಬುಧವಾರ ನಾನೂ ಬರ್ತೀನಿ.”

“ಬಾ” ಎಂದರು ಡಾಕ್ಟರು, ಆಗಲೇ ಜೇಬಿನಲ್ಲಿ ಫೋನಿಗಾಗಿ ತಡಕಾಡುತ್ತಾ.